ಹನ್ನೊಂದು ವಸ್ತುಗಳ ಹಿಂದಿನ ತಮಟೆ

ನಮ್ಮದು ದೊಡ್ಡ ಮ್ಯೂಸಿಯಂ ಅಲ್ಲ. ಹಳೆಯ ಕಟ್ಟಡದಲ್ಲಿ ಮೂರು ಪ್ರದರ್ಶನ ಕೊಠಡಿ, ಹಿಂದೆ ಒಂದು ಉಗ್ರಾಣ, ಸಿಬ್ಬಂದಿ ಎಂದರೆ ನಾನು ಮತ್ತು ಒಬ್ಬ ಅಟೆಂಡರ್. ಕಳೆದ ಆಷಾಢದಲ್ಲಿ ಆಡಳಿತ ಮಂಡಳಿಯವರು ಕರೆದು, “ಮುಂದಿನ ಹತ್ತು ವರ್ಷಗಳಿಗೆ ಒಂದು ಯೋಜನೆ ಬರೆದುಕೊಡಿ. ಸಂಶೋಧನೆಯೂ ಇರಲಿ, ಕಟ್ಟಡವೂ ಇರಲಿ” ಎಂದರು. ಮಾದರಿಗೆಂದು ಕೊಟ್ಟ ಕಡತದಲ್ಲಿ ಗಾಜಿನ ಗುಮ್ಮಟವಿತ್ತು, ಡಿಜಿಟಲ್ ಗ್ಯಾಲರಿಯಿತ್ತು, ಕಾಫಿ ಅಂಗಡಿಯೂ ಇತ್ತು. ಉಗ್ರಾಣ ಎಂಬ ಪದ ಮಾತ್ರ ಎಲ್ಲಿಯೂ ಇರಲಿಲ್ಲ.

ನಾನು ಅಲ್ಲಿಂದಲೇ ಶುರುಮಾಡಿದೆ.

ರೋಮ್‌ನಲ್ಲಿರುವ ಇಕ್ರೋಮ್ ಎಂಬ ಸಂರಕ್ಷಣಾ ಸಂಸ್ಥೆ ಯುನೆಸ್ಕೋ ಜೊತೆಗೂಡಿ ‘ರೀ-ಆರ್ಗ್’ ಎಂಬ ವಿಧಾನವನ್ನು ರೂಪಿಸಿದೆ. ಕೈಯಲ್ಲಿ ಕಾಸಿಲ್ಲದ ಸಣ್ಣ ಮ್ಯೂಸಿಯಂಗಳು ತಮ್ಮ ಉಗ್ರಾಣವನ್ನು ತಾವೇ ಸರಿಪಡಿಸಿಕೊಳ್ಳಲಿ ಎಂಬುದು ಅದರ ಉದ್ದೇಶ. ಅದರ ಸೂತ್ರಗಳು ನಮ್ಮ ಅಜ್ಜಿಯರು ಅಟ್ಟ ಜೋಡಿಸುತ್ತಿದ್ದ ಬುದ್ಧಿಗಿಂತ ಬಹಳ ಬೇರೆಯಲ್ಲ: ಯಾವ ವಸ್ತುವೂ ನೆಲದ ಮೇಲಿರಬಾರದು, ಪ್ರತಿಯೊಂದಕ್ಕೂ ಗೊತ್ತಾದ ಜಾಗವಿರಬೇಕು, ಒಂದನ್ನು ತೆಗೆಯಲು ಎರಡಕ್ಕಿಂತ ಹೆಚ್ಚು ವಸ್ತುಗಳನ್ನು ಸರಿಸುವಂತಿರಬಾರದು. ಈ ಮೂರನೆಯದನ್ನು ಪರೀಕ್ಷಿಸೋಣವೆಂದು ಮೂಲೆಯಲ್ಲಿದ್ದ ಒಂದು ತಮಟೆಯನ್ನು ಆರಿಸಿಕೊಂಡೆವು. ಅದನ್ನು ಮುಟ್ಟುವಷ್ಟರಲ್ಲಿ ಹನ್ನೊಂದು ವಸ್ತುಗಳನ್ನು ಸರಿಸಿದ್ದೆವು. ಅವುಗಳಲ್ಲಿ ಏಳು ಮ್ಯೂಸಿಯಂನ ವಸ್ತುಗಳೇ ಅಲ್ಲ. ಮುರಿದ ಕುರ್ಚಿಗಳು, ಹಳೆಯ ವಿಚಾರ ಸಂಕಿರಣಗಳ ಫ್ಲೆಕ್ಸ್ ಸುರುಳಿಗಳು, ಒಂದು ಕೆಟ್ಟ ಕೂಲರ್. “ಮೇಡಂ, ಇದಕ್ಕೂ ಒಂದು ನಂಬರ್ ಕೊಟ್ಟುಬಿಡೋಣವೇ?” ಎಂದು ಅಟೆಂಡರ್ ಕೂಲರ್ ತೋರಿಸಿ ಕೇಳಿದರು.

ಆಮೇಲೆ ರಿಜಿಸ್ಟರ್‌ನಿಂದ ಇಪ್ಪತ್ತು ವಸ್ತುಗಳ ಹೆಸರು ಬರೆದುಕೊಂಡು ಹುಡುಕಿದೆವು. ಸಂಜೆಯವರೆಗೆ ಸಿಕ್ಕಿದ್ದು ಹದಿಮೂರು. ಕಪಾಟಿನಿಂದ ಕೈಗೆ ಬಂದದ್ದನ್ನು ತೆಗೆದು ರಿಜಿಸ್ಟರ್‌ನಲ್ಲಿ ಹುಡುಕಿದಾಗಲಂತೂ ಲೆಕ್ಕ ಇನ್ನೂ ಕೆಟ್ಟಿತು. ‘ಗೊಂಬೆ, ಚರ್ಮದ್ದು, 1’ ಎಂದು ಬರೆದಿದ್ದರೆ ಅದು ರಾವಣನೋ ಹನುಮಂತನೋ ಯಾರಿಗೆ ಗೊತ್ತು?

ಸಂಶೋಧನೆಯ ಮಾತೂ ಇಲ್ಲಿಯೇ ಬರುತ್ತದೆ. ಎರಡು ವರ್ಷಗಳ ಹಿಂದೆ ತೊಗಲುಗೊಂಬೆಗಳ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದ ಹುಡುಗಿಯೊಬ್ಬಳು ಬಂದಿದ್ದಳು. ಅವಳಿಗೆ ಬೇಕಿದ್ದದ್ದು ಗೊಂಬೆಯ ಚಂದವಲ್ಲ, ಕೈ ಸೇರುವ ಕಡೆ ಹಾಕಿದ ಗಂಟು ಮತ್ತು ಬೆಳಕಿಗೆ ಹಿಡಿದಾಗ ಕಾಣುವ ಉಳಿಯ ತೂತುಗಳು. ಗೊಂಬೆಗಳನ್ನು ಕೋರಾ ಬಟ್ಟೆಯ ನಡುವೆ ಚಪ್ಪಟೆಯಾಗಿ ಮಲಗಿಸಿಡಬೇಕು. ನಮ್ಮವು ಸುರುಳಿ ಸುತ್ತಿಕೊಂಡು, ಮಳೆಗಾಲದ ತೇವಕ್ಕೆ ಅಂಚು ಮಡಚಿಕೊಂಡು ಕೂತಿದ್ದವು. ಬಿಡಿಸಲು ಹೋದರೆ ಬಣ್ಣದ ಹಕ್ಕಳೆ ಏಳುತ್ತಿತ್ತು. ಬಿಡಿಸಿದರೂ ಹರಡಲು ಮೇಜಿರಲಿಲ್ಲ. ಅವಳು ನನ್ನ ಮೊಬೈಲ್‌ನಲ್ಲಿದ್ದ ಎರಡು ಫೋಟೊ ಪಡೆದು ಹೊರಟುಹೋದಳು. ಹಾಗಾಗಿ ಯೋಜನೆಯ ‘ಸಂಶೋಧನೆ’ ಅಧ್ಯಾಯದಲ್ಲಿ ವರ್ಷಕ್ಕೊಂದು ವಿಚಾರ ಸಂಕಿರಣ ಎಂದು ಬರೆಯದೆ, ಎಂಟಡಿ ಉದ್ದದ ಮೇಜು, ಬಿಸಿಲು ನೇರವಾಗಿ ಬೀಳದ ಕಿಟಕಿ, ಕೇಳಿದ ವಸ್ತು ಅರ್ಧ ಗಂಟೆಯಲ್ಲಿ ಮೇಜಿಗೆ ಬರುವ ವ್ಯವಸ್ಥೆ ಎಂದು ಬರೆದೆ.

ಕಟ್ಟಡದ ಅಧ್ಯಾಯ ಬರೆಯುವಾಗ ರಿಯೊ ಡಿ ಜನೈರೊ ತಲೆಯಿಂದ ಹೋಗಲೇ ಇಲ್ಲ. ಬ್ರೆಜಿಲ್‌ನ ರಾಷ್ಟ್ರೀಯ ಮ್ಯೂಸಿಯಂ 1818ರಲ್ಲಿ ಸ್ಥಾಪನೆಯಾದದ್ದು. ಇನ್ನೂರು ತುಂಬಿದ ವರ್ಷವೇ, 2018ರ ಸೆಪ್ಟೆಂಬರ್ 2ರ ರಾತ್ರಿ, ಅದು ನೆಲೆಸಿದ್ದ ಹಳೆಯ ಅರಮನೆ ಸುಟ್ಟುಹೋಯಿತು. ಸುಮಾರು 2 ಕೋಟಿ ವಸ್ತುಗಳ ಸಂಗ್ರಹ. ಬೆಂಕಿ ಹುಟ್ಟಿದ್ದು ಸಭಾಂಗಣದ ಎ.ಸಿ.ಯಿಂದ ಎಂದು ತನಿಖೆ ಹೇಳಿತು. ಬೆಂಕಿ ನಂದಿಸುವ ವ್ಯವಸ್ಥೆಗೂ ಸೇರಿಸಿ ದುರಸ್ತಿಗೆ 2.17 ಕೋಟಿ ರಿಯಲ್‌ಗಳ (ಬ್ರೆಜಿಲ್‌ನ ಹಣ) ಒಪ್ಪಂದಕ್ಕೆ ಅದೇ ಜೂನ್‌ನಲ್ಲಷ್ಟೇ ಸಹಿಯಾಗಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸುಟ್ಟದ್ದಲ್ಲ, ಉಳಿದದ್ದು. ಒಣಗಿಸಿಟ್ಟ ಸಸ್ಯಗಳ ಸಂಗ್ರಹ, ಕಶೇರುಕ ಪ್ರಾಣಿಗಳ ಸಂಗ್ರಹ, ಮುಖ್ಯ ಗ್ರಂಥಾಲಯ ಉಳಿದುಕೊಂಡವು. ಅವು ಮೊದಲೇ ಬೇರೆ ಕಟ್ಟಡಗಳಿಗೆ ಹೋಗಿದ್ದವು. ಆ ಸ್ಥಳಾಂತರದ ಕಡತಕ್ಕೂ ಯಾವುದೋ ಕಾಲದಲ್ಲಿ ಯಾರೋ ಬೇಸರದಿಂದಲೇ ಸಹಿ ಹಾಕಿರಬೇಕು ಎಂದುಕೊಳ್ಳುತ್ತೇನೆ.

ನಮ್ಮ ಉಗ್ರಾಣದ ನೆತ್ತಿಯ ಮೇಲೆ ಶೌಚಾಲಯವಿದೆ. ವೈರಿಂಗ್ ನನಗಿಂತ ಹಳೆಯದು. ಆದ್ದರಿಂದ ಮೊದಲ ವರ್ಷಕ್ಕೆ ವೈರಿಂಗ್ ಮತ್ತು ಪೈಪು, ಜೊತೆಗೆ ಕುರ್ಚಿಗಳ ವಿಲೇವಾರಿ. ಆಮೇಲಿನ ಎರಡು ವರ್ಷ ಎಣಿಕೆ, ಫೋಟೊ, ಕಪಾಟಿಗೆ ನಂಬರ್. ಹೊಸ ಗ್ಯಾಲರಿಯನ್ನು ಆರನೆಯ ವರ್ಷಕ್ಕೆ ತಳ್ಳಿದೆ.

ಸಭೆಯಲ್ಲಿ ಅಧ್ಯಕ್ಷರು ಪುಟಗಳನ್ನು ಹಿಂದುಮುಂದು ತಿರುವಿ, “ಎಲ್ಲ ಸರಿ ಅಮ್ಮ, ಆದರೆ ಮೊದಲ ಐದು ವರ್ಷ ಉದ್ಘಾಟನೆ ಮಾಡಲು ಏನೂ ಇಲ್ಲವಲ್ಲ?” ಎಂದರು. ವ್ಯಂಗ್ಯವೇನಿರಲಿಲ್ಲ, ನಿಜವಾಗಿಯೂ ಚಿಂತೆಯಿತ್ತು. ಮೇಜಿಗೆ ಒಂದು ರಿಬ್ಬನ್ ಕಟ್ಟೋಣ ಎಂದೆ. ನಕ್ಕರು, ವೈರಿಂಗ್‌ಗೆ ಒಪ್ಪಿದರು.

ಕುರ್ಚಿಗಳು ಮಾತ್ರ ಇನ್ನೂ ಅಲ್ಲಿಯೇ ಇವೆ. ಹರಾಜು ಹಾಕಲು ಬೇರೆ ಸಮಿತಿಯ ಒಪ್ಪಿಗೆ ಬೇಕಂತೆ.