ಕರೆಂಟ್ ಹೋದಾಗ ಕೆಂಪು ಬಟನ್ ಒತ್ತಿದರೆ

ಹಾಸನದ ಮಳೆಗಾಲ ಗೊತ್ತಲ್ವಾ. ಸಕಲೇಶಪುರದ ಕಡೆ ಗಾಳಿ ಎದ್ದರೆ ಸಾಕು, ಎಲ್ಲೋ ಲೈನ್ ಮೇಲೆ ಮರ ಬೀಳುತ್ತದೆ, ಇಲ್ಲಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೋಟಾರ್ ಪರೀಕ್ಷಿಸುವ ನಮ್ಮ ಟೆಸ್ಟ್ ಬೆಡ್ ಕತ್ತಲಾಗುತ್ತದೆ. ಮಾಮೂಲಿ ಮೋಟಾರ್ ಆದರೆ ಯೋಚನೆ ಇಲ್ಲ, ತಾನಾಗೇ ನಿಲ್ಲುತ್ತದೆ. ಮ್ಯಾಗ್ನೆಟಿಕ್ ಬೇರಿಂಗ್ ಇರುವ ಮೋಟಾರ್ ಹಾಗಲ್ಲ. ಒಳಗೆ ತಿರುಗುವ ಭಾಗವನ್ನು, ಅಂದರೆ ರೋಟರನ್ನು, ಎಲೆಕ್ಟ್ರೋಮ್ಯಾಗ್ನೆಟ್‌ಗಳು ಎಲ್ಲೂ ತಾಗದ ಹಾಗೆ ತೇಲಿಸಿ ಹಿಡಿಯುತ್ತವೆ. ಅದರಲ್ಲಿ ಕರೆಂಟ್ ಹೋಯಿತು ಅಂದರೆ ಬೇರಿಂಗೇ ಹೋಯಿತು ಅಂತ ಅರ್ಥ.

ಎಲೆಕ್ಟ್ರೋಮ್ಯಾಗ್ನೆಟ್‌ಗೆ ಎಳೆಯುವುದು ಮಾತ್ರ ಗೊತ್ತು, ತಳ್ಳುವುದು ಗೊತ್ತಿಲ್ಲ. ಸುಮ್ನೆ ಬಿಟ್ಟರೆ ರೋಟರ್ ಯಾವುದಾದರೂ ಒಂದು ಕಡೆಗೆ ಹೋಗಿ ಅಂಟಿಕೊಳ್ಳುತ್ತದೆ. ಸೆನ್ಸರ್ ಅದು ಎಲ್ಲಿದೆ ಅಂತ ಓದಬೇಕು, ಕಂಟ್ರೋಲರ್ ಕಾಯಿಲ್ ಕರೆಂಟನ್ನು ತಿದ್ದಬೇಕು, ಅದೂ ಸೆಕೆಂಡಿಗೆ ಸಾವಿರಾರು ಸಲ, ಐದೂ ಆಕ್ಸಿಸ್‌ನಲ್ಲಿ. ನಮ್ಮ ಮೋಟಾರ್ ತಿರುಗುವುದು 24,000 ಆರ್‌ಪಿಎಂನಲ್ಲಿ. ಅಂದರೆ ಸೆಕೆಂಡಿಗೆ 400 ಸುತ್ತು. ತೇಲುವುದು ನಿಂತರೆ ಟಚ್‌ಡೌನ್ ಬೇರಿಂಗ್ ಮೇಲೆ, ಅಂದರೆ ಬಿದ್ದಾಗ ಹಿಡಿಯಲು ಇಟ್ಟ ಮಾಮೂಲಿ ಬಾಲ್ ಬೇರಿಂಗ್ ಮೇಲೆ, ಬೀಳುತ್ತದೆ. ಮಧ್ಯೆ ಇರುವ ಜಾಗ ಕಾಲು ಮಿಲಿಮೀಟರ್.

ಎಫ್ಲುಯೆಂಟ್ ಪ್ಲಾಂಟ್‌ಗಳ ಬ್ಲೋವರ್‌ಗೆ ಹೋಗುವ ಮೋಟಾರ್ ಇವು. ಕೊಳಚೆ ನೀರಿಗೆ ಗಾಳಿ ಊದುವುದಕ್ಕೇ ಅಂಥ ಪ್ಲಾಂಟ್‌ನಲ್ಲಿ ಜಾಸ್ತಿ ಕರೆಂಟ್ ಖರ್ಚಾಗುವುದು. ಗೇರ್‌ಬಾಕ್ಸ್ ಇಲ್ಲ, ಎಣ್ಣೆ ಇಲ್ಲ, ಅದಕ್ಕೇ ಕೇಳಿಕೊಂಡು ಬರುತ್ತಾರೆ.

ಅವತ್ತು ಇಂಪೆಲ್ಲರ್, ಅಂದರೆ ಗಾಳಿ ತಳ್ಳುವ ಚಕ್ರ, ಹಾಕಿರಲಿಲ್ಲ. ಬರೀ ರೋಟರ್ ತಿರುಗಿಸಿ ಅನ್‌ಬ್ಯಾಲೆನ್ಸ್ ಓದಿಕೊಳ್ಳುತ್ತಿದ್ದೆವು. ಆರ್ಬಿಟ್, ಅಂದರೆ ಶಾಫ್ಟ್ ನಡುಬಿಂದು ಅಲುಗಾಡುವ ಜಾಡು, ಚೆನ್ನಾಗಿತ್ತು, ಕಂಪನದ ಗ್ರಾಫ್ ಆದ ವಾಟರ್‌ಫಾಲ್‌ನಲ್ಲಿ 1ಎಕ್ಸ್ (ಸುತ್ತಿಗೊಂದು ಸಲ ಬರುವ ಕಂಪನ) ಬಿಟ್ಟರೆ ಬೇರೇನೂ ಇರಲಿಲ್ಲ. ಫುಲ್ ಸ್ಪೀಡ್‌ಗೆ ಬಂದು ಸ್ವಲ್ಪ ಹೊತ್ತಾಗಿತ್ತು, ಕರೆಂಟ್ ಹೋಯಿತು.

ಮೊದಲ ಕೆಲವು ಸೆಕೆಂಡ್ ಎಲ್ಲಾ ಅಂದುಕೊಂಡ ಹಾಗೇ ಆಯಿತು. ಮೋಟಾರ್ ಓಡಿಸುವ ಎಲೆಕ್ಟ್ರಾನಿಕ್ಸ್, ಅಂದರೆ ಡ್ರೈವ್, ರೈಡ್-ಥ್ರೂಗೆ ಹೋಯಿತು. ತಿರುಗುತ್ತಿರುವ ರೋಟರ್‌ನಿಂದಲೇ ಶಕ್ತಿ ತೆಗೆದು ತನ್ನೊಳಗಿನ ಡಿಸಿ ಲಿಂಕ್‌ನ ವೋಲ್ಟೇಜ್ ಬೀಳದಂತೆ ಹಿಡಿದುಕೊಂಡಿತು, ಬೇರಿಂಗ್ ಕಂಟ್ರೋಲರ್‌ಗೆ ಅಲ್ಲಿಂದಲೇ ಪವರ್. ಹೀಗೆ ನಡೆದರೆ ರೋಟರ್ ಬೇಗ ಸ್ಪೀಡ್ ಇಳಿಸಿಕೊಳ್ಳುತ್ತದೆ, ತನ್ನನ್ನು ತಾನೇ ತೇಲಿಸಿಕೊಳ್ಳುತ್ತದೆ, ಕೊನೆಯ ಕೆಲವು ಸಾವಿರ ಆರ್‌ಪಿಎಂಗೆ ಮಾತ್ರ ಯುಪಿಎಸ್ ಬೇಕು. ಈ ಮೋಟಾರ್‌ನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಅಷ್ಟರಲ್ಲಿ ಪ್ಯಾನೆಲ್ ಹತ್ತಿರ ಇದ್ದ ಹುಡುಗ ಇ-ಸ್ಟಾಪ್ (ಎಮರ್ಜೆನ್ಸಿ ಸ್ಟಾಪ್) ಬಟನ್ ಒತ್ತಿದ.

ಅವನ ತಪ್ಪು ಅಲ್ಲ, ಇದನ್ನು ಜೋರಾಗಿಯೇ ಹೇಳುತ್ತೇನೆ. ಕತ್ತಲು, ಅಲಾರ್ಮ್, ಯುಪಿಎಸ್ ಬೀಪ್, ಎದುರಿಗೆ ಕೂಗುತ್ತಿರುವ ಮಷೀನ್. ಏನೇ ಆದರೂ ಮೊದಲು ಕೆಂಪು ಬಟನ್ ಅಂತ ಕೆಲಸಕ್ಕೆ ಸೇರಿದಾಗಿನ ಇಂಡಕ್ಷನ್‌ನಲ್ಲಿ ನಾವೇ ಹೇಳಿಕೊಟ್ಟಿದ್ದು. ಅವನು ಅದನ್ನೇ ಮಾಡಿದ. ಆದರೆ ನಮ್ಮ ವೈರಿಂಗ್‌ನಲ್ಲಿ ಇ-ಸ್ಟಾಪ್ ಅಂದರೆ ಎಸ್‌ಟಿಒ (ಸೇಫ್ ಟಾರ್ಕ್ ಆಫ್, ಡ್ರೈವ್ ಮೋಟಾರನ್ನು ಪೂರ್ತಿ ಕೈಬಿಡುವುದು), ಜೊತೆಗೆ ಮೋಟಾರ್ ಕಡೆಯ ಕಾಂಟ್ಯಾಕ್ಟರ್ ಓಪನ್. ಬ್ರೇಕ್ ಹೋಯಿತು, ರೋಟರ್‌ನಿಂದ ಬರುತ್ತಿದ್ದ ಪವರ್ ಹೋಯಿತು. ಉಳಿದಿದ್ದು ಯುಪಿಎಸ್ ಒಂದೇ.

ಮುಂದಿನ ನಿಮಿಷಗಳು ಇನ್ನೂ ಕಣ್ಣ ಮುಂದಿವೆ. ತೇಲುತ್ತಿರುವ ರೋಟರ್‌ಗೆ ಎಲ್ಲೂ ಉಜ್ಜಾಟ ಇಲ್ಲ. ಇಂಪೆಲ್ಲರ್ ಇದ್ದಿದ್ದರೆ ಗಾಳಿಯೇ ಎಳೆದು ನಿಲ್ಲಿಸುತ್ತಿತ್ತು. ಬರೀ ರೋಟರ್‌ಗೆ ಮೈಗೆ ತಾಗುವ ಗಾಳಿಯ ಒಂದಿಷ್ಟು ವಿಂಡೇಜ್, ಕಬ್ಬಿಣದ ಕೋರ್‌ನಲ್ಲಿ ಒಂದಿಷ್ಟು ಐರನ್ ಲಾಸ್, ಎಳೆಯುವುದು ಅಷ್ಟೇ. ಇಪ್ಪತ್ತು ಸಾವಿರ. ಹತ್ತೊಂಬತ್ತೂವರೆ. ಹತ್ತೊಂಬತ್ತು. ಇಳಿಯುತ್ತಿದೆ, ಆದರೆ ಎಷ್ಟು ನಿಧಾನ! ಯುಪಿಎಸ್ ಡಿಸ್‌ಪ್ಲೇ ಬೆಳಿಗ್ಗೆ 100 ಪರ್ಸೆಂಟ್ ತೋರಿಸಿತ್ತು, ಅದನ್ನು ನಂಬಿಕೊಂಡು ನಾನು ಆರ್ಬಿಟ್ ನೋಡುತ್ತಾ ನಿಂತಿದ್ದೆ. ತಿರುಗಿ ಯುಪಿಎಸ್ ನೋಡಿದಾಗ ಅರ್ಧಕ್ಕಿಂತ ಕೆಳಗೆ ಬಂದಿತ್ತು.

ಅದೇ ಯುಪಿಎಸ್ ಮೇಲೆ ಟೆಸ್ಟ್ ಬೆಡ್ ಕಂಪ್ಯೂಟರ್, ಎರಡು ಮಾನಿಟರ್, ಡೇಟಾ ಲಾಗರ್ ಎಲ್ಲಾ ಇದ್ದವು. ಅವನ್ನು ಕಿತ್ತರೆ ಬೇರಿಂಗ್‌ಗೆ ಇನ್ನಷ್ಟು ಹೊತ್ತು ಸಿಗುತ್ತದೆ, ಆದರೆ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಬೀಳುವುದೇ ಆದರೆ ಆ ಡೇಟಾ ಬೇಕು ಅಂತ ಮನಸ್ಸು ಹಿಡಿಯುತ್ತಿತ್ತು. ಕೊನೆಗೆ ಒಂದೊಂದೇ ಪ್ಲಗ್ ಕಿತ್ತೆ. ಆಮೇಲೆ ಉಳಿದದ್ದು ಕಂಟ್ರೋಲರ್ ಮೇಲಿನ ಪುಟ್ಟ ಆರ್‌ಪಿಎಂ ಡಿಸ್‌ಪ್ಲೇ ಮತ್ತು ಮೋಟಾರ್ ಸದ್ದು. ಸದ್ದಿನ ಶ್ರುತಿ ಇಳಿಯುತ್ತಾ ಬಂತು. ಯಾರೋ ಮೋಟಾರ್ ಮುಂದಿನ ರಕ್ಷಣೆಯ ಗಾರ್ಡ್ ತೆಗೆಯೋಣವಾ ಅಂದರು, ಬೇಡ ಅಂತ ಕಿರುಚಿದೆ. ಪರ್ಮನೆಂಟ್ ಮ್ಯಾಗ್ನೆಟ್ ರೋಟರ್ ತಿರುಗುತ್ತಿರುವವರೆಗೆ ಟರ್ಮಿನಲ್‌ನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ, ಡ್ರೈವ್ ಆಫ್ ಆಗಿದೆ ಅಂತ ಕೈ ಹಾಕುವ ಹಾಗಿಲ್ಲ.

ಆರು ಸಾವಿರದ ಹತ್ತಿರ ಯುಪಿಎಸ್ ಸತ್ತಿತು. ಒಂದು ಕರ್ಕಶ ಸದ್ದು, ಬೇಸ್ ಪ್ಲೇಟ್ ನಡುಗಿದ್ದು ಕಾಲಿಗೆ ಗೊತ್ತಾಯಿತು, ಆಮೇಲೆ ಗರಗರ ಅಂತ ಸುತ್ತಿ ನಿಂತಿತು.

ಸ್ಪೀಡ್ ಕಾಲು ಭಾಗಕ್ಕೆ ಇಳಿದಿತ್ತು, ಅಂದರೆ ರೋಟರ್‌ನಲ್ಲಿದ್ದ ಶಕ್ತಿ ಹದಿನಾರನೇ ಒಂದು ಭಾಗ. ಅದಕ್ಕೇ ಉಳಿದೆವು. ಫುಲ್ ಸ್ಪೀಡ್‌ನಲ್ಲಿ ಬಿದ್ದು ಬ್ಯಾಕ್‌ವರ್ಡ್ ವರ್ಲ್ (ಬೇರಿಂಗ್ ಒಳಗೆ ಉಜ್ಜುತ್ತಾ ರೋಟರ್ ಉಲ್ಟಾ ದಿಕ್ಕಿಗೆ ಉರುಳುವುದು) ಶುರುವಾಗಿದ್ದರೆ ಮ್ಯಾಗ್ನೆಟ್ ಹಿಡಿದಿಡುವ ಕಾರ್ಬನ್ ಫೈಬರ್ ಸ್ಲೀವ್ ಉಳಿಯುತ್ತಿತ್ತು ಅಂತ ನಾನು ಹೇಳಲಾರೆ. ಬಿಚ್ಚಿ ನೋಡಿದಾಗ ಶಾಫ್ಟ್‌ನ ಲ್ಯಾಂಡಿಂಗ್ ಸ್ಲೀವ್ ಮೇಲೆ ಬೆರಳಗಲದ ಪಟ್ಟಿ ಕನ್ನಡಿಯಷ್ಟು ಹೊಳೆಯುತ್ತಿತ್ತು. ಟಚ್‌ಡೌನ್ ಬೇರಿಂಗ್‌ನ ಸೆರಾಮಿಕ್ ಬಾಲ್‌ಗಳಿಗೆ ಏನೂ ಆಗಿರಲಿಲ್ಲ, ಒಳಗಿನ ರೇಸ್ (ಬಾಲ್ ಉರುಳುವ ಬಳೆ) ಮಾತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಎರಡೂ ಬೇರಿಂಗ್ ಬದಲಿಸಿ, ಕ್ಲಿಯರೆನ್ಸ್ ಚೆಕ್ ಮಾಡಿ, ಮತ್ತೆ ಲೆವಿಟೇಟ್ ಮಾಡಿದೆವು.

ಇ-ಸ್ಟಾಪ್ ಹೀಗೆ ವೈರ್ ಆಗಿದ್ದು ಹೇಗೆ ಅಂತ ಹುಡುಕಿದರೆ, ರಿಸ್ಕ್ ಅಸೆಸ್‌ಮೆಂಟ್ ಹಳೆಯ ಪಂಪ್ ಬೆಂಚ್‌ನಿಂದ ಕಾಪಿ ಆಗಿತ್ತು. ಪಂಪ್‌ಗೆ ಕ್ಯಾಟಗರಿ 0 ಸರಿ, ತಕ್ಷಣ ಪವರ್ ಕಿತ್ತುಬಿಡು. ಮಷೀನ್‌ಗಳ ಎಲೆಕ್ಟ್ರಿಕಲ್ ಸುರಕ್ಷತೆಯ ಸ್ಟ್ಯಾಂಡರ್ಡ್ ಐಇಸಿ 60204-1ರಲ್ಲೇ ಕ್ಯಾಟಗರಿ 1 ಅಂತ ಇದೆ, ಮೊದಲು ಹಿಡಿತದಲ್ಲಿ ನಿಲ್ಲಿಸು, ಆಮೇಲೆ ಪವರ್ ಕಿತ್ತುಬಿಡು. ತೇಲುವ ರೋಟರ್‌ಗೆ ಬೇಕಾದ್ದು ಇದು. ಈಗ ಬಟನ್ ಒತ್ತಿದರೆ ಡ್ರೈವ್ ಬ್ರೇಕ್ ಹಾಕುತ್ತದೆ, ರೋಟರ್ ನಿಂತ ಮೇಲೆ ಎಸ್‌ಟಿಒ. ಬೇರಿಂಗ್ ಪವರನ್ನು ಇ-ಸ್ಟಾಪ್ ಸರ್ಕ್ಯೂಟ್ ಮುಟ್ಟುವುದೇ ಇಲ್ಲ. ಗಾರ್ಡ್ ಲಾಕ್ ಸ್ಪೀಡ್ ಸೊನ್ನೆ ಆದ ಮೇಲೆ ಮಾತ್ರ ಬಿಡುತ್ತದೆ.

ಯುಪಿಎಸ್ ಲೆಕ್ಕವೂ ಇಂಪೆಲ್ಲರ್ ಹಾಕಿದ ರನ್-ಡೌನ್ (ಫುಲ್ ಸ್ಪೀಡ್‌ನಿಂದ ತಾನಾಗೇ ನಿಲ್ಲುವ ಸಮಯ) ಮೇಲೆ ಆಗಿತ್ತು. ಅತಿ ಉದ್ದದ ರನ್-ಡೌನ್ ಯಾವುದೋ ಅದರ ಮೇಲೆ ಮಾಡಬೇಕು, ಅದು ಬರೀ ರೋಟರ್‌ನದು. ಬ್ಯಾಟರಿಯ ವಿಷಯ ಇನ್ನೂ ಬೇಜಾರು. ಹಳೆಯದಾಗಿದೆ ಅಂತ ಹೊಸದಕ್ಕೆ ಬರೆದು ಕೊಟ್ಟ ಇಂಡೆಂಟ್ ಪರ್ಚೇಸ್ ಡಿಪಾರ್ಟ್‌ಮೆಂಟ್‌ನಲ್ಲಿ ಕೂತಿತ್ತು, ಡಿಸ್‌ಪ್ಲೇ 100 ತೋರಿಸುತ್ತಿದೆಯಲ್ಲ ಅನ್ನುವುದೇ ಅವರ ಉತ್ತರ. ಚಾರ್ಜರ್ ಮೇಲೆ ಕೂತ ಲೆಡ್-ಆ್ಯಸಿಡ್ ಬ್ಯಾಟರಿ ಎಷ್ಟು ಹಳಸಿದ್ದರೂ ಫ್ಲೋಟ್ ವೋಲ್ಟೇಜ್ ಸರಿಯಾಗಿಯೇ ತೋರಿಸುತ್ತದೆ. ಲೋಡ್ ಹಾಕಿದಾಗಲೇ ಬಣ್ಣ ಬಯಲಾಗುವುದು. ಈಗ ರೋಟರ್ ನಿಲ್ಲಿಸಿ ಇಟ್ಟು, ಬೇರಿಂಗ್ ಲೋಡ್‌ನಲ್ಲಿ ಬ್ಯಾಟರಿಯನ್ನು ಪೂರ್ತಿ ಇಳಿಸಿ ಸಮಯ ಬರೆದಿಡುತ್ತೇವೆ. ಕಂಪ್ಯೂಟರ್‌ಗೆ ಬೇರೆ ಯುಪಿಎಸ್ ಬಂದಿದೆ.

ಟೆಸ್ಟ್ ಬೆಡ್‌ಗೆ ಡಿಜಿ (ಡೀಸೆಲ್ ಜನರೇಟರ್) ಲೈನ್ ಮಾತ್ರ ಇನ್ನೂ ಬಂದಿಲ್ಲ. ಆಫೀಸ್ ಎಸಿಗೆ ಇದೆ, ಕ್ಯಾಂಟೀನ್‌ಗೆ ಇದೆ. ನಮ್ಮ ಫೈಲ್‌ಗೆ ಹೊಸ ಕೋಟೇಶನ್ ಕೇಳಿದ್ದಾರೆ.