ಬಲ್ಮಠದಿಂದ ಜೆಪ್ಪುವಿಗೆ, ಹಂಚಿನ ಜಾಡು ಹಿಡಿದು

ಮಂಗಳೂರಿನ ಬಲ್ಮಠ ಗುಡ್ಡಕ್ಕೆ ಬಂದವರು ಹೆಚ್ಚಾಗಿ ಶಾಂತಿ ಕೆಥೆಡ್ರಲಿನ ಮುಂದೆ ಫೋಟೊ ತೆಗೆದು ಇಳಿದುಬಿಡುತ್ತಾರೆ. ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ ಕಟ್ಟಿದ ಇಲ್ಲಿನ ಕ್ರೈಸ್ತ ಸಭೆ ಹೇಗೆ ಬದುಕಿತು ಎಂದು ತಿಳಿಯಬೇಕಾದರೆ ಕಂಕನಾಡಿ ದಾಟಿ ನೇತ್ರಾವತಿ ಕಡೆಯ ಜೆಪ್ಪುವಿನವರೆಗೂ ನಡೆಯಬೇಕು, ಸುಮಾರು ಮೂರು ಕಿಲೋಮೀಟರ್. ಮಳೆಗಾಲದಲ್ಲಿ ಕೊಡೆಯಿದ್ದರೂ ನೆನೆಯುವುದು ಖಂಡಿತ.

ಭಾನುವಾರವಾದರೆ ಆರಾಧನೆ ಮುಗಿಸಿ ಹೊರಡುವುದು ವಾಸಿ. ಹದಿನೈದು ನಿಮಿಷ ಮೊದಲೇ ಹೋದರೆ ಗೀತಪುಸ್ತಕ ಸಿಗುತ್ತದೆ; ತಡವಾದರೆ ಪಕ್ಕದವರ ಪುಸ್ತಕಕ್ಕೆ ಇಣುಕಬೇಕು. ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯ) ದಿನ ಮುಂದೆ ಹೋಗಬೇಕೋ ಬೇಡವೋ ಎಂಬ ಗೊಂದಲವಿದ್ದರೆ ಕುಳಿತಲ್ಲೇ ಕೂರಿ, ಯಾರೂ ತಪ್ಪು ತಿಳಿಯುವುದಿಲ್ಲ. ಇಲ್ಲಿನ ಹಳೆಯ ಕುಟುಂಬಗಳಲ್ಲಿ ಬಹಳಷ್ಟರ ಮನೆಮಾತು ತುಳು. ಹಾಡು ತುಳುವಿಗೆ ತಿರುಗಿದರೆ ಹಿಂದಿನ ಬೆಂಚುಗಳೂ ದನಿಗೂಡಿಸುತ್ತವೆ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಅಚ್ಚಾಗಿತ್ತು.

ಬಾಸೆಲ್ ಮಿಷನ್ನಿನ ಮೊದಲ ಮಿಷನರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಬಂದದ್ದು 1834ರಲ್ಲಿ. ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ್ದು, 1894ರಲ್ಲಿ ಕಿಟ್ಟೆಲ್ ನಿಘಂಟು ಇಲ್ಲಿಂದ ಹೊರಬಂದದ್ದು ಕನ್ನಡಿಗರಿಗೆಲ್ಲ ಗೊತ್ತು. ಹಳೆಯ ಕಡತ ನೋಡುವ ಆಸೆಯಿದ್ದವರು ಪಕ್ಕದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೆ ಮೊದಲೇ ಬರೆದು ಅನುಮತಿ ಕೇಳಿ, ವಾರದ ದಿನ ಹೋಗಬೇಕು.

ಹೆಚ್ಚು ಮಾತಾಗದಿರುವುದು ಹೊಟ್ಟೆಪಾಡಿನ ಸಂಗತಿ. ದೀಕ್ಷಾಸ್ನಾನ ಪಡೆದವರನ್ನು ಕುಟುಂಬ ಹೊರಗಿಟ್ಟಿತು, ಹಲವರಿಗೆ ಗೇಣಿಭೂಮಿ ತಪ್ಪಿತು. ಶೇಂದಿ ಇಳಿಸುತ್ತಿದ್ದವರಿಗೆ ಆ ಕಸುಬು ಬೇಡವೆಂದು ಮಿಷನ್ನೇ ಹೇಳಿತು. ಬೇಡವೆಂದವರು ಬೇರೆ ಕೂಲಿ ಕೊಡಬೇಕಲ್ಲ? ಹೀಗೆ ಅಚ್ಚುಕೂಟ ಬಂತು, ನೇಯ್ಗೆ ಬಂತು, 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು.

ಜೆಪ್ಪು ಮುಟ್ಟುವ ಹೊತ್ತಿಗೆ ಹಳೆಯ ಹಂಚೊಂದನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ. ಬೆನ್ನ ಮೇಲೆ ಕಂಪನಿಯ ಹೆಸರು ಉಬ್ಬಿ ನಿಂತಿರುತ್ತದೆ, ತುದಿಯಲ್ಲಿ ರೀಪಿಗೆ (ಹಂಚು ಕೂರುವ ಮರದ ಪಟ್ಟಿಗೆ) ಸಿಕ್ಕಿಸುವ ಗುಬಟು, ಅಂಚಿನಲ್ಲಿ ಪಕ್ಕದ ಹಂಚು ಕೂರುವ ಕಾಲುವೆ. ನದಿದಂಡೆಯ ಜೇಡಿಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ ಸುಡುತ್ತಿದ್ದರು. ಬಿಸಿಲಲ್ಲಿ ಒಣಗಿಸಿದರೆ ಸೊಟ್ಟಗಾಗುತ್ತದೆ, ಸೊಟ್ಟ ಹಂಚು ಕಾಲುವೆಗೆ ಕೂರುವುದಿಲ್ಲ. ನೂರು ಚದರಡಿ ಮಾಡಿಗೆ (ಚಾವಣಿಗೆ) ಸುಮಾರು 150 ಹಂಚು ಬೇಕು.

ಕರಾವಳಿಯ ಸಭಾಪಾಲಕರು (ಪಾದ್ರಿಗಳು) ದೇವಶಾಸ್ತ್ರ ಮುಗಿಸಿ ಬಂದ ಮೇಲೆ ಮೊದಲು ಕಲಿಯುವುದು ಮಾಡು ಸೋರುವ ಶಾಸ್ತ್ರವನ್ನು! ಹಂಚು ಒಡೆದು ಸೋರುವುದಕ್ಕಿಂತ ರೀಪು ಕೊಳೆತು ಹಂಚು ಜಾರಿ ಸೋರುವುದೇ ಹೆಚ್ಚು. ಕಾಲುವೆಯಲ್ಲಿ ಪಾಚಿ, ತರಗೆಲೆ ಕಟ್ಟಿಕೊಂಡರೂ ನೀರು ಅಂಚು ಹಾರಿ ಒಳಗಿಳಿಯುತ್ತದೆ. ಮೇ ಮುಗಿಯುವುದರೊಳಗೆ ಮೇಲೆ ಹತ್ತಿಸಿ ಗುಡಿಸಬೇಕು. ಹತ್ತಿದವರು ರೀಪಿನ ನೇರಕ್ಕೆ ಕಾಲಿಡಬೇಕು, ಹಂಚಿನ ನಡುವೆ ಇಟ್ಟರೆ ಹತ್ತು ಹಂಚಿಗೆ ಲೆಕ್ಕ ಬರೆಯಬೇಕಾಗುತ್ತದೆ.

ಕೆಲಸ ಕೊಟ್ಟದ್ದು ಕರುಣೆ, ಸರಿ. ಆದರೆ ಧಣಿ, ಜಾಗದ ಒಡೆಯ, ಬೋಧಕ ಮೂವರೂ ಒಂದೇ ಆದಾಗ ವಿಶ್ವಾಸ ಇಕ್ಕಟ್ಟಿಗೆ ಸಿಗುತ್ತದೆ. ತಪ್ಪಿಗಾಗಿ ಸಭೆಯ ಶಿಸ್ತುಕ್ರಮಕ್ಕೆ ಒಳಗಾದವನಿಗೆ ಕೂಲಿಯ ಚಿಂತೆಯೂ ಜೊತೆಗೇ ಬರುತ್ತದೆ. ಅವನ ಪಶ್ಚಾತ್ತಾಪದಲ್ಲಿ ದೇವರ ಭಯವೆಷ್ಟು, ಹಸಿವಿನ ಭಯವೆಷ್ಟು ಎಂದು ಯಾವ ಬೋಧಕ ತೂಗಬಲ್ಲ? ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬಂಧಿಸಿ ಹೊರಗಟ್ಟಲಾಯಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಸಭೆಗೆ ಅದು ದೊಡ್ಡ ಹೊಡೆತ. ಆದರೆ ತನ್ನ ಖರ್ಚು ತಾನೇ ನೋಡಿಕೊಳ್ಳುವ ಪಾಠವೂ ಆಗಲೇ ಗಟ್ಟಿಯಾಯಿತು. 1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿತು, ಬಳಿಕ ಇಲ್ಲಿನವರೂ ಅದರೊಳಗೆ ಸೇರಿಕೊಂಡರು.

ಬೆಳೆಹಬ್ಬದ ಭಾನುವಾರ ಬಂದರೆ ಆ ಪಾಠ ಕಣ್ಣಿಗೇ ಕಾಣುತ್ತದೆ. ಆರಾಧನೆ ಮುಗಿದ ಕೂಡಲೇ ಅಂಗಳದಲ್ಲಿ ಏಲಂ: ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿ, ಒಂದೆರಡು ಕೋಳಿ. ಪೇಟೆಯ ಬೆಲೆಗೆ ಮೂರು ಪಟ್ಟು ಕೂಗಿ ಕೊಂಡವರು ಅದೇ ಗೊನೆಯನ್ನು ಮತ್ತೆ ಏಲಂಗೆ ಒಪ್ಪಿಸುವುದೂ ಉಂಟು. ಚಿಲ್ಲರೆ ತನ್ನಿ, ಕೈ ಎತ್ತುವಾಗ ಹುಷಾರಾಗಿರಿ. ಬೆವರು ಒರೆಸಲು ಎತ್ತಿದ ಕೈಗೂ ಕೂಗು ಬೀಳುತ್ತದೆ.