ಮೂರನೇ ಸಿಲಿಂಡರಿನ ಮೂರು ಕಾಯಿಲ್‌ಗಳು

ಆ ಭಾನುವಾರ ಜಗಲಿ ಮೇಲೆ ಹಳೇ ಪೇಪರ್ ಹಾಸಿ, ಸುಟ್ಟುಹೋದ ಮೂರು ಇಗ್ನಿಷನ್ ಕಾಯಿಲ್‌ಗಳನ್ನು, ಅಂದರೆ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುವಷ್ಟು ವೋಲ್ಟೇಜ್ ಕೊಡುವ ಸುರುಳಿಗಳನ್ನು, ಸಾಲಾಗಿ ಇಟ್ಟುಕೊಂಡು ಕೂತೆ. ಒಂದು ದಸರಾ ಮುಗಿದ ವಾರ ಹೋಗಿದ್ದು, ಇನ್ನೊಂದು ಸಂಕ್ರಾಂತಿಯ ಹಿಂದಿನ ದಿನ, ಮೂರನೆಯದು ಯುಗಾದಿ ಆದ ಮೇಲೆ. ಮೂರೂ ನನ್ನ ಗಾಡಿಯ ಎಂಜಿನ್ನಿನ ಮೂರನೇ ಸಿಲಿಂಡರಿನವೇ. ಉಳಿದ ಮೂರು ಸಿಲಿಂಡರುಗಳಲ್ಲಿ ಗಾಡಿ ಕೊಂಡಾಗ ಬಂದ ಕಾಯಿಲ್‌ಗಳೇ ಇವತ್ತಿಗೂ ಕೆಲಸ ಮಾಡುತ್ತಿವೆ.

ನನ್ನದು ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುವ ಸಣ್ಣ ಪಿಕಪ್. ಗುಬ್ಬಿ ಸುತ್ತಲಿನ ತೋಟಗಳಿಂದ ತೆಂಗಿನಕಾಯಿ ತುಂಬಿಕೊಂಡು ವಾರಕ್ಕೆ ನಾಲ್ಕು ದಿನ ಯಶವಂತಪುರಕ್ಕೆ ಹೋಗುತ್ತೇನೆ. ರಾತ್ರಿ ಎರಡೂವರೆಗೆ ಮನೆ ಬಿಟ್ಟರೆ ಬೆಳಕು ಹರಿಯುವುದರೊಳಗೆ ಲೋಡ್ ಇಳಿಸಬೇಕು. ಗಾಡಿ ಒಂದು ದಿನ ನಿಂತರೆ ಬಾಡಿಗೆಯೂ ಹೋಯಿತು, ತೋಟದವರ ನಂಬಿಕೆಯೂ ಹೋಯಿತು. ಹಾಗಾಗಿ ಈ ಕಾಯಿಲ್ ವಿಷಯ ನನಗೆ ಚಿಕ್ಕದಾಗಿರಲಿಲ್ಲ.

ಮೊದಲ ಸಲ ದಾಬಸ್‌ಪೇಟೆ ದಾಟಿದ ಮೇಲೆ ಶುರುವಾಯಿತು. ಏರು ಬಂದಾಗ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ ಜರ್ಕ್. ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿದ್ದಷ್ಟೇ ಅಲ್ಲ, ಮಿಣುಕುತ್ತಿತ್ತು. ಮಿಣುಕುವ ಲೈಟ್ ಅಂದರೆ ಸುಡದೆ ಉಳಿದ ಇಂಧನ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸುತ್ತಿದೆ ಅಂತ ಅರ್ಥ. ಆ ಸ್ಥಿತಿಯಲ್ಲಿ ಗಾಡಿಯನ್ನು ಒತ್ತಿ ಓಡಿಸಬಾರದು. ಸಿಎನ್‌ಜಿಯಿಂದ ಪೆಟ್ರೋಲಿಗೆ ಬದಲಾಯಿಸಿದೆ, ಜರ್ಕ್ ಮುಕ್ಕಾಲು ಪಾಲು ಕಡಿಮೆಯಾಯಿತು. ಅದೇ ಒಂದು ಸುಳಿವು ಅಂತ ಆಗ ನನಗೆ ಹೊಳೆಯಲಿಲ್ಲ. ಎಂಜಿನ್ ಸಿಲಿಂಡರಿನೊಳಗೆ ಒತ್ತಲ್ಪಟ್ಟ ಸಿಎನ್‌ಜಿಯಲ್ಲಿ ಕಿಡಿ ಹಾರಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದಿದ್ದರೆ, ಕಾಯಿಲ್ ಸೋತಿದ್ದರೆ, ಪೆಟ್ರೋಲಿನಲ್ಲಿ ಮುಚ್ಚಿಹೋಗುವ ದೋಷ ಗ್ಯಾಸಿನಲ್ಲಿ ಎದ್ದು ಕಾಣುತ್ತದೆ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0303 ಬಂತು, ಅಂದರೆ ಮೂರನೇ ಸಿಲಿಂಡರ್ ಮಿಸ್, ಅಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಕಾಯಿಲ್ ಜೊತೆಗೆ ನಾಲ್ಕೂ ಪ್ಲಗ್ ಬದಲಾಯಿಸಿದರು. ಹಳೇ ಸಾಮಾನು ಕೇಳಿ ತಂದು ಡಬ್ಬಿಯಲ್ಲಿ ಹಾಕಿಟ್ಟೆ. ಇದು ನಮ್ಮಪ್ಪ ಪಂಪ್‌ಸೆಟ್ ರಿಪೇರಿ ಮಾಡಿಸುವಾಗಿನಿಂದ ಬಂದ ಅಭ್ಯಾಸ. ಬಿಚ್ಚಿದ ಸಾಮಾನು ಮನೆಗೆ ಬರಲೇಬೇಕು.

ಎರಡನೇ ಸಲ ಗಾಡಿ ಮಿಸ್ ಹೊಡೆದಾಗ ನಾನೇ ಒಂದು ಪರೀಕ್ಷೆ ಮಾಡಿದೆ. ಮೂರನೇ ಕಾಯಿಲನ್ನು ಒಂದನೇ ಜಾಗಕ್ಕೆ, ಒಂದನೆಯದನ್ನು ಮೂರಕ್ಕೆ ಹಾಕಿದೆ. ಕೋಡ್ ಪಿ0301ಕ್ಕೆ ತಿರುಗಿತು. ದೋಷ ಕಾಯಿಲ್ ಹಿಂದೆಯೇ ಹೋಯಿತು ಅಂದಮೇಲೆ ಕಾಯಿಲೇ ಹೋಗಿದೆ ಅಂತ ತೀರ್ಮಾನಿಸಿದೆ. ತೀರ್ಮಾನ ಸರಿಯಾಗಿತ್ತು, ಆದರೆ ಅರ್ಧ ಮಾತ್ರ. ಈ ಅದಲುಬದಲು ಪರೀಕ್ಷೆ ಕಾಯಿಲ್ ಸತ್ತಿದೆಯೋ ಇಲ್ಲವೋ ಅನ್ನುವುದನ್ನು ಹೇಳುತ್ತದೆ, ಅದನ್ನು ಕೊಂದದ್ದು ಯಾವುದು ಅನ್ನುವುದನ್ನು ಹೇಳುವುದಿಲ್ಲ. ಗ್ಯಾರೇಜಿನವರು ಮೊದಲು ಹಾಕಿದ್ದು ಡುಪ್ಲಿಕೇಟ್ ಮಾಲು ಇರಬಹುದು ಅಂದರು. ನಂಬಿದೆ. ಈ ಸಲ ಕಂಪನಿ ಮಾಲನ್ನೇ ಬಿಲ್ ಸಮೇತ ತಂದುಕೊಟ್ಟೆ. ಅದೂ ಯುಗಾದಿ ದಾಟಿ ಹೆಚ್ಚು ದಿನ ಬಾಳಲಿಲ್ಲ.

ಆಮೇಲೆಯೇ ಜಗಲಿ ಮೇಲೆ ಕೂತದ್ದು. ಒಂದೊಂದನ್ನೇ ಕೈಗೆತ್ತಿಕೊಂಡು ನೋಡುತ್ತಾ ಹೋದ ಹಾಗೆ, ಈ ಮೂರೂ ಒಂದೇ ರೀತಿ ಸತ್ತಿಲ್ಲ ಅನ್ನುವುದು ಕಂಡಿತು.

ಮೊದಲನೆಯದರ, ಪ್ಲಗ್ ಮೇಲೆ ಕೂರುವ ರಬ್ಬರ್ ಬೂಟನ್ನು ಉದ್ದಕ್ಕೆ ಸೀಳಿ ನೋಡಿದೆ. ಒಳಗೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ. ಡಬ್ಬಿಯಲ್ಲಿದ್ದ ಹಳೇ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೂ ಅದಕ್ಕೆ ಸರಿಯಾಗಿ ಇನ್ನೊಂದು ಗೆರೆ. ಆ ಪ್ಲಗ್ಗಿನ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ಫೀಲರ್ ಗೇಜಿನಲ್ಲಿ 1.3 ಮಿ.ಮೀ. ಬಂತು, ನನ್ನ ಗಾಡಿಗೆ ಇರಬೇಕಾದದ್ದು 0.8. ಗ್ಯಾಪ್ ಅಗಲವಾದಷ್ಟೂ ಅದನ್ನು ಹಾರಲು ಕಾಯಿಲ್ ಹೆಚ್ಚು ವೋಲ್ಟೇಜ್ ಕಟ್ಟಬೇಕು. ಹಾರಲಾಗದಿದ್ದರೆ ಆ ಕರೆಂಟು ಪಿಂಗಾಣಿಯ ಮೈಮೇಲೆ, ರಬ್ಬರಿನ ಮೂಲಕ, ಪಕ್ಕದ ಲೋಹಕ್ಕೆ ದಾರಿ ಮಾಡಿಕೊಳ್ಳುತ್ತದೆ. ಒಮ್ಮೆ ಕಾರ್ಬನ್ ಗೆರೆ ಬಿದ್ದರೆ ಮತ್ತೆ ಮತ್ತೆ ಅದೇ ದಾರಿ. ಹಾಗಾದರೆ ಮೊದಲ ಸಾವಿಗೆ ಸವೆದ ಪ್ಲಗ್ ಕಾರಣ. ಅಲ್ಲಿಗೆ ಆ ಲೆಕ್ಕ ಮುಗಿಯಿತು, ಯಾಕೆಂದರೆ ಪ್ಲಗ್ ಬದಲಾಗಿತ್ತು.

ಎರಡನೆಯದು, ಮೂರನೆಯದು ಬೇರೆ ಕಥೆ. ಬೂಟ್ ಒಳಗೆ ಶುಭ್ರ, ಒಂದು ಗೆರೆಯೂ ಇಲ್ಲ. ಆದರೆ ಮೇಲುಗಡೆ ತುಂಬಿರುವ ಅಂಟಿನಂಥ ರೆಸಿನ್ ಉಬ್ಬಿ, ಬಿರುಕು ಬಿಟ್ಟು, ಜೋನಿಬೆಲ್ಲದ ಹಾಗೆ ಒಸರಿ ಗಟ್ಟಿಯಾಗಿತ್ತು. ಇದು ಹೈ ವೋಲ್ಟೇಜ್ ದಾರಿ ತಪ್ಪಿದ ಗುರುತಲ್ಲ. ಕಾಯಿಲ್ ಒಳಗಿನಿಂದ ಬೆಂದಿದೆ.

ಕಾಯಿಲ್ ಬೇಯುವುದು ಯಾವಾಗ? ಅದರೊಳಗೆ ಎರಡು ಸುರುಳಿಗಳಿವೆ. ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪ್ರತಿ ಕಿಡಿಗೂ ಮೊದಲು ಸುಮಾರು 3 ಮಿಲಿಸೆಕೆಂಡ್ ಮಾತ್ರ ಸಿಗ್ನಲ್ ಕೊಟ್ಟು ಪ್ರೈಮರಿ ಸುರುಳಿಗೆ 12 ವೋಲ್ಟಿನ ಕರೆಂಟ್ ಹರಿಸುತ್ತದೆ. ಸಿಗ್ನಲ್ ತಟ್ಟನೆ ನಿಂತಾಗ ಕಾಂತಕ್ಷೇತ್ರ ಕುಸಿದು, ಸೆಕೆಂಡರಿಯಲ್ಲಿ 20,000 ವೋಲ್ಟಿಗೂ ಹೆಚ್ಚು ಎದ್ದು, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಕಿಡಿ ಬರುವುದು ಕರೆಂಟ್ ಕೊಟ್ಟಾಗ ಅಲ್ಲ, ಕಿತ್ತುಕೊಂಡಾಗ. ಕಿತ್ತುಕೊಳ್ಳದೆ ಹಾಗೇ ಬಿಟ್ಟರೆ ಕಿಡಿಯೂ ಇಲ್ಲ, ಸುರುಳಿ ಮಾತ್ರ ಬಿಸಿಯಾಗುತ್ತಾ ಹೋಗುತ್ತದೆ. ಈ ಜಾಗದಲ್ಲಿ ಏನೋ ಒಂದು ಸಿಗ್ನಲನ್ನು ನಿಲ್ಲಲು ಬಿಡುತ್ತಿಲ್ಲ ಅನ್ನಿಸಿತು. ಇಸಿಯು ಒಳಗೇ ದೋಷವಿದ್ದರೆ ನನ್ನ ಆರು ತಿಂಗಳ ಉಳಿತಾಯ ಹೋದ ಹಾಗೆ. ಆ ಭಯದಲ್ಲೇ ಎಂಜಿನ್ ಮೇಲಿನ ಸೀಟ್ ಎತ್ತಿದೆ.

ಸುಲಭದವನ್ನು ಮೊದಲು ಮುಗಿಸಿದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್, ಆಲ್ಟರ್ನೇಟರ್ ಸರಿ. ಎಂಜಿನ್ ಬ್ಲಾಕ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ 0.04 ವೋಲ್ಟ್, ಅರ್ತ್ ಸರಿ. ಪ್ಲಗ್ ಗುಂಡಿಯಲ್ಲಿ ಆಯಿಲ್ ಇಲ್ಲ, ನೀರಿನ ತುಕ್ಕೂ ಇಲ್ಲ.

ಎಂಜಿನ್ ಆಫ್ ಮಾಡಿ, ಮೂರನೇ ಕಾಯಿಲಿನ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿದೆ. ಪವರ್ ಪಿನ್ನಿನಲ್ಲಿ 12.4. ಸಿಗ್ನಲ್ ಪಿನ್ನಿನಲ್ಲಿ ಸೊನ್ನೆ, ಇರಬೇಕಾದದ್ದೇ. ಮೀಟರನ್ನು ಅದೇ ಪಿನ್ನಿಗೆ ಹಿಡಿದಿರಲು ಮಗಳಿಗೆ ಹೇಳಿ, ನಾನು ವೈರಿನ ಕಟ್ಟನ್ನು ಕನೆಕ್ಟರಿನಿಂದ ಹಿಂದಕ್ಕೆ ಒಂದೊಂದು ಗೇಣಾಗಿ ಅಲ್ಲಾಡಿಸುತ್ತಾ ಹೋದೆ. "ಸೊನ್ನೆ, ಸೊನ್ನೆ" ಅಂತ ಓದುತ್ತಿದ್ದವಳು ಒಮ್ಮೆಲೇ "ಹನ್ನೊಂದು ಪಾಯಿಂಟ್ ಒಂಬತ್ತು" ಅಂದಳು. ಕೈ ಬಿಟ್ಟೆ, ಸೊನ್ನೆ. ಮತ್ತೆ ಒತ್ತಿದೆ, 11.9. ಮೈ ಜುಮ್ಮೆಂದಿತು.

ಅಲ್ಲಿ ಟೇಪ್ ಬಿಚ್ಚಿದರೆ ವೈರಿನ ಕಟ್ಟು ಒಂದು ತಗಡಿನ ಬ್ರ್ಯಾಕೆಟ್ಟಿನ ಅಂಚಿನ ಮೇಲೆ ಕೂತಿತ್ತು. ಅದನ್ನು ಎತ್ತಿ ಹಿಡಿಯಬೇಕಾದ ಪ್ಲಾಸ್ಟಿಕ್ ಕ್ಲಿಪ್ ಮುರಿದು ಅರ್ಧ ಮಾತ್ರ ಉಳಿದಿತ್ತು. ಮೂರನೇ ಕಾಯಿಲಿನ ಪವರ್ ವೈರ್, ಸಿಗ್ನಲ್ ವೈರ್ ಎರಡರ ಮೇಲುಹೊದಿಕೆಯೂ ಸವೆದು, ತಾಮ್ರ ಹಸಿರುಗಟ್ಟಿತ್ತು. ಲೋಡ್ ತುಂಬಿ ಏರು ಹತ್ತುವಾಗ ಎಂಜಿನ್ ತನ್ನ ಮೌಂಟುಗಳ ಮೇಲೆ ಒಂದಿಷ್ಟು ವಾಲುತ್ತದೆ, ವೈರ್ ಎಳೆಯುತ್ತದೆ, ಎರಡೂ ತಾಗುತ್ತವೆ. ಇಸಿಯು ನಿಲ್ಲಿಸಿದ ಸಿಗ್ನಲ್ ಬ್ಯಾಟರಿಯಿಂದ ನೇರವಾಗಿ ಮುಂದುವರಿಯುತ್ತದೆ. ಗ್ಯಾರೇಜಿನಲ್ಲಿ ಖಾಲಿ ಗಾಡಿ ಆರಾಮಾಗಿ ಐಡಲ್ ಆಗುತ್ತಾ ನಿಂತಾಗ ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಎರಡನೇ ಕಾಯಿಲ್ ಹೋಗುವ ಮುಂಚೆ ಎರಡು ವಾರ ಫ್ಲೈಓವರ್ ಏರುಗಳಲ್ಲಿ ಮಾತ್ರ ಬರುತ್ತಿದ್ದ ಸಣ್ಣ ಜರ್ಕ್ ಕೂಡ ನೆನಪಾಯಿತು.

ಕ್ಲಿಪ್ ಮುರಿದದ್ದು ಮೊದಲ ರಿಪೇರಿಯಲ್ಲೇ ಇರಬೇಕು, ಅದಕ್ಕೆ ಮುಂಚೆ ಅಲ್ಲಿಗೆ ಯಾರೂ ಕೈ ಹಾಕಿರಲಿಲ್ಲ. ಒಂದು ರೋಗಕ್ಕೆ ಮಾಡಿದ ಚಿಕಿತ್ಸೆಯೇ ಇನ್ನೊಂದು ರೋಗಕ್ಕೆ ಕಾರಣವಾಗಿತ್ತು. ಎರಡನ್ನೂ ಒಂದೇ ಅಂತ ತಿಳಿದದ್ದರಿಂದ ನಾವೆಲ್ಲ ದಾರಿ ತಪ್ಪಿದ್ದೆವು.

ಬ್ಯಾಟರಿ ನೆಗೆಟಿವ್ ತೆಗೆದು, ಹಸಿರುಗಟ್ಟಿದ ಭಾಗ ಕತ್ತರಿಸಿ, ಹೊಸ ವೈರಿನ ತುಂಡು ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಎರಡೂ ಬೆಸುಗೆ ಎದುರುಬದುರು ಬರದ ಹಾಗೆ ಒಂದನ್ನು ಮುಂದೆ ಒಂದನ್ನು ಹಿಂದೆ ಇಟ್ಟೆ. ಮೇಲೆ ಸುಕ್ಕುಪೈಪು, ಹೊಸ ಕ್ಲಿಪ್. ಇಸಿಯುಗೆ ಪೆಟ್ಟು ಬಿದ್ದಿದೆಯೋ ನೋಡಲು ಮೂರನೇ ಸಿಲಿಂಡರಿಗೆ ಇಂಧನ ಹಾಯಿಸುವ ಇಂಜೆಕ್ಟರಿನ ಕನೆಕ್ಟರ್ ಮಾತ್ರ ಬಿಚ್ಚಿಟ್ಟು, ಸಿಗ್ನಲ್ ಪಿನ್ನಿಗೆ ಎಲ್‌ಇಡಿ ಟೆಸ್ಟ್ ಲ್ಯಾಂಪ್ ಹಿಡಿದು ಅರ್ಧ ನಿಮಿಷ ಎಂಜಿನ್ ಓಡಿಸಿದೆ. ಲ್ಯಾಂಪ್ ಒಂದನೇ ಸಿಲಿಂಡರಿನಲ್ಲಿ ಹೇಗೋ ಇಲ್ಲೂ ಹಾಗೇ ಮಿಣುಕಿತು. ವೈರಿನ ಕಟ್ಟನ್ನು ಎಷ್ಟು ಅಲ್ಲಾಡಿಸಿದರೂ ಒಂದೇ ಲಯ. ಆಮೇಲೆ ನಾಲ್ಕನೇ ಕಾಯಿಲ್ ಕೊಂಡು, ಬೂಟ್ ಒಳಗೆ ಕರೆಂಟ್ ಹರಿಯಬಿಡದ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಕೂರಿಸಿದೆ.

ಮುರಿದ ಕ್ಲಿಪ್ಪನ್ನೂ ಸವೆದ ವೈರನ್ನೂ ಗ್ಯಾರೇಜಿಗೆ ಒಯ್ದು ತೋರಿಸಿದೆ. ಜಗಳಕ್ಕಲ್ಲ. ಮೇಸ್ತ್ರಿ ಬಹಳ ಹೊತ್ತು ತಿರುಗಿಸಿ ನೋಡಿ, ಕೆಲಸ ಕಲಿಯುತ್ತಿದ್ದ ಇಬ್ಬರು ಹುಡುಗರನ್ನು ಕರೆದು ಅವರ ಕೈಗೂ ಕೊಟ್ಟರು.

ಅಲ್ಲಿಂದೀಚೆಗೆ 14,000 ಕಿ.ಮೀ. ಓಡಿದೆ. ನಿನ್ನೆ ಪ್ಲಗ್ ಬಿಚ್ಚಿ ಗ್ಯಾಪ್ ನೋಡಿದೆವು. ಗೇಜ್ ಹಿಡಿದು ಓದಿದ್ದು ಮಗಳೇ. ನಾಲ್ಕರಲ್ಲೂ 0.85ರ ಒಳಗಿದೆ, ಮೂರನೇ ಪ್ಲಗ್ಗಿನ ಪಿಂಗಾಣಿ ಮೇಲೆ ಗೆರೆ ಇಲ್ಲ.